ಬೆಲ್ಟು ಹಾಕದಿದ್ದರೆ ವೋಲ್ವೊ ಇದ್ದೇನು ಫಲ?

ಬೆಂಗಳೂರಿನಿಂದ ಕೊಚ್ಚಿಗೋ ತಿರುವನಂತಪುರಕ್ಕೋ ಹೊರಟವರು 'ವೋಲ್ವೊಗೆ ಟಿಕೆಟ್ ಮಾಡಿಸಿದ್ದೇವೆ' ಎಂದರೆ ಮನೆಯವರಿಗೆ ಅರ್ಧ ಆತಂಕ ಕಡಿಮೆಯಾಗುತ್ತದೆ. ಕನ್ನಡದಲ್ಲೂ ಮಲಯಾಳದಲ್ಲೂ ಅದು ಈಗ ಬರೀ ಒಂದು ಕಂಪನಿಯ ಹೆಸರಾಗಿ ಉಳಿದಿಲ್ಲ. ಎಸಿ ಇರುವ, ಕುಲುಕದ, ಗಟ್ಟಿಮುಟ್ಟಾದ ಬಸ್ಸು ಯಾರು ತಯಾರಿಸಿದ್ದಾದರೂ ಜನರ ಬಾಯಲ್ಲಿ ಅದು ವೋಲ್ವೊ. ಅದೇ ಹೆಸರಿನ ಕಾರನ್ನು ಕೊಂಡವರ ಬಗ್ಗೆಯೂ 'ಅವರಿಗೇನು ಬಿಡಿ, ಡಿಕ್ಕಿಯಾದರೂ ಬದುಕಿ ಬರುತ್ತಾರೆ' ಎಂಬ ಮಾತಿದೆ. ಈ ನಂಬಿಕೆಯಲ್ಲಿ ಅರ್ಧ ನಿಜವಿದೆ, ಉಳಿದರ್ಧ ಅಪಾಯದ್ದು. ವೋಲ್ವೊದ ಇತಿಹಾಸವನ್ನೂ, ಕೇರಳದ ಈ ಎರಡು ನಗರಗಳು ಅದನ್ನು ಕೊಂಡು ಬಳಸಿದ ಬಗೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಂದು ಸಂಗತಿ ಮನದಟ್ಟಾಗುತ್ತದೆ: ಸುರಕ್ಷತೆ ದುಡ್ಡು ಕೊಟ್ಟು ಒಂದೇ ಸಲಕ್ಕೆ ಮನೆಗೆ ತರುವ ಸಾಮಾನಲ್ಲ, ದಿನದಿನವೂ ಹಿಡಿಯಬೇಕಾದ ವ್ರತ.

ವೋಲ್ವೊ ಹುಟ್ಟಿದ್ದು ಬಾಲ್‌ಬೇರಿಂಗ್ ಕಂಪನಿಯ ಮಡಿಲಲ್ಲಿ. ಸ್ವೀಡನ್ನಿನ ಎಸ್‌ಕೆಎಫ್ ಸಂಸ್ಥೆಯ ಆಸರೆಯಲ್ಲಿ ಅಸ್ಸಾರ್ ಗೇಬ್ರಿಯೆಲ್ಸನ್ ಎಂಬ ಅರ್ಥಶಾಸ್ತ್ರ ಓದಿದವರೂ ಗುಸ್ತಾಫ್ ಲಾರ್ಸನ್ ಎಂಬ ಎಂಜಿನಿಯರೂ ಸೇರಿ ಕಟ್ಟಿದ ಈ ಕಂಪನಿಯ ಮೊದಲ ಕಾರು 1927ರ ಏಪ್ರಿಲ್ 14ರಂದು ಗೋಥೆನ್‌ಬರ್ಗ್‌ನ ಕಾರ್ಖಾನೆಯಿಂದ ಹೊರಬಂತು. ವೋಲ್ವೊ ಎಂದರೆ ಲ್ಯಾಟಿನ್ ಭಾಷೆಯಲ್ಲಿ 'ಉರುಳುತ್ತೇನೆ' ಎಂದರ್ಥ. 1944ರಲ್ಲಿ ತೋರಿಸಿದ ಪಿವಿ 444 ಕಾರಿಗೆ ಒಡೆದರೂ ಚೂರುಚೂರಾಗಿ ಮೈಮೇಲೆ ಬೀಳದ, ಪದರ ಸೇರಿಸಿದ ಮುಂಗಾಜು ಇತ್ತು. ನಂತರದ ಒಡೆತನದ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು, ಏಕೆಂದರೆ ನಮ್ಮಲ್ಲಿ ಬಸ್ಸನ್ನೂ ಕಾರನ್ನೂ ಒಂದೇ ಕಂಪನಿಯದೆಂದು ತಿಳಿದವರು ಬಹಳ. ಕಾರಿನ ವಿಭಾಗವನ್ನು 1999ರಲ್ಲಿ ಅಮೆರಿಕದ ಫೋರ್ಡ್ ಕೊಂಡಿತು; 2010ರಲ್ಲಿ ಅದು ಚೀನಾದ ಗೀಲಿ ಕಂಪನಿಯ ಕೈಸೇರಿತು. ಲಾರಿ, ಬಸ್ಸು ತಯಾರಿಸುವ ವೋಲ್ವೊ ಬೇರೆಯೇ ಆಗಿ ಸ್ವೀಡನ್ನಿನಲ್ಲಿ ಉಳಿಯಿತು. ಭಾರತದಲ್ಲಿ ಎರಡೂ ಕವಲುಗಳು ಒಂದೇ ಊರಿನಲ್ಲಿ ಸೇರಿದ್ದು ನಮ್ಮ ಹೊಸಕೋಟೆಯಲ್ಲಿ. ಅಲ್ಲಿ 1998ರಿಂದ ಲಾರಿಗಳು, ಆಮೇಲೆ ಬಸ್ಸುಗಳು, 2017ರಿಂದ ಕಾರುಗಳ ಜೋಡಣೆ ನಡೆಯುತ್ತಾ ಬಂದಿದೆ.

ಈ ಇತಿಹಾಸದಲ್ಲಿ ಎಲ್ಲಕ್ಕಿಂತ ದೊಡ್ಡ ಘಟನೆ 1959ರದು. ಸಾಬ್ ವಿಮಾನ ಕಾರ್ಖಾನೆಯಲ್ಲಿ ಪೈಲಟ್ಟನ್ನು ಹೊರಕ್ಕೆ ಚಿಮ್ಮಿಸುವ ಆಸನಗಳ ಮೇಲೆ ಕೆಲಸ ಮಾಡಿದ್ದ ನಿಲ್ಸ್ ಬೋಲಿನ್ ಎಂಬ ಎಂಜಿನಿಯರನ್ನು ವೋಲ್ವೊ ಅಷ್ಟರಲ್ಲಿ ಕರೆತಂದಿತ್ತು. ಆಗ ಕೆಲವು ಕಾರುಗಳಲ್ಲಿ ಸೊಂಟಕ್ಕೆ ಬಿಗಿಯುವ ಪಟ್ಟಿ ಇತ್ತು. ಡಿಕ್ಕಿಯಾದಾಗ ಅದು ಮೈಯನ್ನು ಮಡಚಿ ಹೊಟ್ಟೆಯ ಒಳಗಿನ ಅಂಗಗಳನ್ನೇ ಹಿಂಡುತ್ತಿತ್ತು. ಬೋಲಿನ್ ಮಾಡಿದ್ದು ಸರಳ ಬದಲಾವಣೆ: ಒಂದು ಪಟ್ಟಿ ಎದೆಯ ಮೇಲೆ ಓರೆಯಾಗಿ, ಇನ್ನೊಂದು ಸೊಂಟದ ಮೂಳೆಯ ಮೇಲೆ ಅಡ್ಡಲಾಗಿ, ಎರಡೂ ಆಸನದ ಪಕ್ಕದಲ್ಲಿ ಕೆಳಗೆ ಒಂದೇ ಕಡೆ ಸೇರಬೇಕು, ಒಂದೇ ಕೈಯಲ್ಲಿ ಸಿಕ್ಕಿಸುವಂತಿರಬೇಕು. ಹೊಡೆತವನ್ನು ಎದೆಗೂಡು ಮತ್ತು ಸೊಂಟದ ಮೂಳೆ ಹಂಚಿಕೊಳ್ಳುತ್ತವೆ, ಮೆತ್ತಗಿನ ಹೊಟ್ಟೆ ಉಳಿಯುತ್ತದೆ. ವೋಲ್ವೊ ಈ ಪೇಟೆಂಟನ್ನು ಬೀಗ ಹಾಕಿ ಇಟ್ಟುಕೊಳ್ಳದೆ ಬೇರೆ ಕಂಪನಿಗಳೂ ಬಳಸಲು ಬಿಟ್ಟುಕೊಟ್ಟಿತು. ಇಂದು ಲಕ್ಷಗಳಲ್ಲಿ ಸಿಗುವ ಚಿಕ್ಕ ಕಾರಿನಲ್ಲೂ ಕೋಟಿ ಬೆಲೆಯ ಕಾರಿನಲ್ಲೂ ಇರುವುದು ಅದೇ ವಿನ್ಯಾಸ. ಹಾಗಾಗಿ 'ವೋಲ್ವೊ ಸಿರಿವಂತರ ಕಾರು, ಅದರ ಕಥೆ ನಮಗೇಕೆ?' ಎನ್ನುವವರಿಗೆ ಉತ್ತರ ಅವರದೇ ಕಾರಿನ ಕಂಬದಲ್ಲಿ ನೇತಾಡುತ್ತಿದೆ. ಭಾರತಕ್ಕೆ 2007ರಲ್ಲಿ ಬಂದ ವೋಲ್ವೊ ಕಾರು ಇಂದಿಗೂ ವರ್ಷಕ್ಕೆ ಮಾರಾಟವಾಗುವುದು ಎರಡು ಸಾವಿರದ ಆಸುಪಾಸು. ಆದರೆ ವೋಲ್ವೊದ ಅತ್ಯಂತ ಬೆಲೆಬಾಳುವ ಭಾಗ ಆಗಲೇ ನಮ್ಮೆಲ್ಲರ ಕೈಗೆಟುಕಿದೆ.

ಆ ಪಟ್ಟಿಯ ಬೆಲೆ ಎಷ್ಟೆಂದು ಕಂಪನಿ ಊಹೆಯಲ್ಲಿ ಹೇಳಲಿಲ್ಲ. ಸ್ವೀಡನ್ನಿನಲ್ಲಿ ವೋಲ್ವೊ ಕಾರುಗಳಿಗೆ ಆದ 28,000 ಅಪಘಾತಗಳ ವಿವರ ಕಲೆಹಾಕಿ ಬೋಲಿನ್ 1967ರಲ್ಲಿ ವರದಿ ಮಂಡಿಸಿದರು. ಬೆಲ್ಟು ಹಾಕದವರು ತೀರಾ ಕಡಿಮೆ ವೇಗದ ಡಿಕ್ಕಿಯಲ್ಲೂ ಸತ್ತಿದ್ದರು. ಬೆಲ್ಟು ಹಾಕಿದವರಲ್ಲಿ ಗಂಟೆಗೆ ಸುಮಾರು 95 ಕಿ.ಮೀ.ಗಿಂತ ಕಡಿಮೆ ವೇಗದಲ್ಲಿ ಒಬ್ಬರೂ ಸತ್ತಿರಲಿಲ್ಲ. 1970ರಿಂದ ಕಂಪನಿಯ ತಂಡವೊಂದು ಅಪಘಾತವಾದ ಜಾಗಕ್ಕೇ ಹೋಗಿ ಅಳತೆ ಮಾಡಿ ದಾಖಲೆ ಇಡಲು ಶುರುಮಾಡಿತು. 'ಹಣೆಯಲ್ಲಿ ಬರೆದಿತ್ತು, ಆಯಿತು' ಎಂದು ಸುಮ್ಮನಾಗದೆ ಯಾವ ಮೂಳೆ ಏಕೆ ಮುರಿಯಿತು ಎಂದು ಕೇಳಿದ ಈ ಅಭ್ಯಾಸದಿಂದಲೇ 1994ರ ಪಕ್ಕದ ಏರ್‌ಬ್ಯಾಗು, 1998ರಲ್ಲಿ ಕತ್ತಿನ ಉಳುಕು ತಡೆಯುವ ಆಸನ, 2008ರಲ್ಲಿ ಎದುರಿನ ವಾಹನ ಕಂಡು ತಾನೇ ಬ್ರೇಕು ಹಿಡಿಯುವ ವ್ಯವಸ್ಥೆ ಒಂದೊಂದಾಗಿ ಬಂದವು. ಬೆಲ್ಟು, ಏರ್‌ಬ್ಯಾಗುಗಳಿಗಿಂತ ಮೊದಲು ನಾವು ಎರವಲು ತರಬೇಕಾಗಿದ್ದುದು ಈ ಕಾರಣ ಹುಡುಕುವ ಬುದ್ಧಿಯನ್ನು.

ಕೊಚ್ಚಿಯ ವೈಟಿಲದಲ್ಲೋ ಎಡಪ್ಪಳ್ಳಿಯಲ್ಲೋ ಸಂಜೆಯ ಹೊತ್ತಿನಲ್ಲಿ ವಾಹನಗಳು ತೆವಳುವುದನ್ನು ಕಂಡವರು ಕೇಳುವುದುಂಟು: ಈ ವೇಗಕ್ಕೆ ಬೆಲ್ಟು ಬೇಕೆ? ಲೆಕ್ಕ ಹಾಕಿ ನೋಡೋಣ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವ ಕಾರು ಗೋಡೆಗೆ ಬಡಿದು ನಿಂತರೆ ಒಳಗಿನ ಮೈಗೆ ಬೀಳುವ ಪೆಟ್ಟು ಹತ್ತು ಮೀಟರ್ ಎತ್ತರದಿಂದ ಬಿದ್ದಷ್ಟು. ಕೇರಳದವರಿಗೆ, ಕರಾವಳಿಯವರಿಗೆ ಬೇರೆ ಹೋಲಿಕೆ ಬೇಡ. ಅದು ಫಸಲು ಬಿಟ್ಟ ಒಂದು ತೆಂಗಿನಮರದ ಎತ್ತರ. ಅಷ್ಟು ಮೇಲಿಂದ ಬೀಳುವವರನ್ನು ಕೈಯೂರಿ ತಡೆಯುತ್ತೇನೆ ಎಂದು ಯಾರೂ ಹೇಳುವುದಿಲ್ಲ. ಆದರೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂರುವ ತಾಯಿ ತಂದೆಯರು ಮನಸ್ಸಿನಲ್ಲಿ ಅದನ್ನೇ ನಂಬಿರುತ್ತಾರೆ. ಹಿಂದಿನ ಸೀಟಿನಲ್ಲಿ ಬೆಲ್ಟಿಲ್ಲದೆ ಕೂತವರು ಡಿಕ್ಕಿಯಾದಾಗ ತಾವು ಸಾಯುವುದಲ್ಲದೆ ಮುಂದೆ ಕೂತವರ ಬೆನ್ನಿಗೆ ಬಂದು ಬಡಿಯುತ್ತಾರೆ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ ಬೆಲ್ಟು ಹಾಕದೆ ಸತ್ತವರು 16,715 ಮಂದಿ. ಅವರಲ್ಲಿ 8,384 ಮಂದಿ ಚಾಲಕರು, 8,331 ಮಂದಿ ಪ್ರಯಾಣಿಕರು. ಚಾಲಕ ಒಬ್ಬ ಹಾಕಿದರೆ ಸಾಕು ಎನ್ನುವವರು ಈ ಎರಡು ಸಂಖ್ಯೆಗಳ ನಡುವಿನ ಅಂತರ ಎಷ್ಟು ಸಣ್ಣದೆಂದು ಗಮನಿಸಬೇಕು.

ಕಾನೂನು ಇಲ್ಲವೆಂದಲ್ಲ. ಕೇರಳ ಸರ್ಕಾರ ರಾಜ್ಯದುದ್ದಕ್ಕೂ 726 ಕ್ಯಾಮೆರಾಗಳನ್ನು ನಿಲ್ಲಿಸಿ 2023ರ ಜೂನ್ 5ರಿಂದ ದಂಡ ಹಾಕತೊಡಗಿತು. ಬೆಲ್ಟಿಲ್ಲದಿದ್ದರೆ 500 ರೂಪಾಯಿ. ದಂಡದ ಭಯಕ್ಕಾದರೂ ಬೆಲ್ಟು ಹಾಕಿದವರುಂಟು, ಅದೂ ಲಾಭವೇ. ಆದರೆ ಭಯದ ಆಚೆ ತಿಳಿವಳಿಕೆ ಬೆಳೆಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೆರಳುದ್ದದ ಒಂದು ಲೋಹದ ಕ್ಲಿಪ್ಪೇ ಸಾಕ್ಷಿ. ಬೆಲ್ಟಿನ ನಾಲಿಗೆಯ ಬದಲು ಅದನ್ನು ಬಕಲಿಗೆ ಸಿಕ್ಕಿಸಿದರೆ ಎಚ್ಚರಿಕೆಯ ಸದ್ದು ನಿಲ್ಲುತ್ತದೆ, ಕಾರು ಮೋಸಹೋಗುತ್ತದೆ. 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ತಾಣಗಳಿಂದ ಇಂಥ ಕ್ಲಿಪ್ಪುಗಳ 13,118 ಪಟ್ಟಿಗಳನ್ನು ತೆಗೆಸಬೇಕಾಯಿತು. ಮಕ್ಕಳ ವಿಷಯದಲ್ಲಿ ಹಿಂಜರಿಕೆ ಇನ್ನೂ ಹೆಚ್ಚು. ರಾಕೆಟ್ಟಿನಲ್ಲಿ ಬೆನ್ನಮೇಲೆ ಮಲಗಿ ಮೇಲೇರುವ ಗಗನಯಾತ್ರಿಗಳನ್ನು ನೋಡಿ ಸ್ವೀಡನ್ನಿನ ಪ್ರೊಫೆಸರ್ ಬರ್ಟಿಲ್ ಆಲ್ಡ್‌ಮನ್ ಹಿಂದಕ್ಕೆ ಮುಖಮಾಡಿದ ಮಕ್ಕಳ ಆಸನದ ಕಲ್ಪನೆ ಕೊಟ್ಟಿದ್ದು 1960ರ ದಶಕದಲ್ಲಿ. ವೋಲ್ವೊ ಅದನ್ನು 1972ರಲ್ಲಿ ಮಾರುಕಟ್ಟೆಗೆ ತಂದಿತು. ಮಗುವಿನ ತಲೆ ಭಾರ, ಕತ್ತು ಎಳೆಯದು. ಹಿಂದಕ್ಕೆ ಮುಖಮಾಡಿ ಕೂರಿಸಿದರೆ ಪೆಟ್ಟು ಇಡೀ ಬೆನ್ನಿಗೆ ಹರಡುತ್ತದೆ. ಕೇರಳದಲ್ಲಿ 2024ರ ಅಕ್ಟೋಬರಿನಲ್ಲಿ ಸಾರಿಗೆ ಆಯುಕ್ತರು ಮಕ್ಕಳ ಆಸನ ಕಡ್ಡಾಯ ಮಾಡುವುದಾಗಿ ಹೇಳಿದಾಗ ವಿರೋಧ ಬಂತು. ಸದ್ಯಕ್ಕೆ ದಂಡ ಹಾಕುವುದಿಲ್ಲವೆಂದು ಸಾರಿಗೆ ಸಚಿವರೇ ಸ್ಪಷ್ಟಪಡಿಸಿದರು. ಆಸನದ ಬೆಲೆ ಹೆಚ್ಚೆಂಬ ದೂರಿನಲ್ಲಿ ಹುರುಳಿದೆ, ಅದನ್ನು ಅಗ್ಗ ಮಾಡುವ ಹೊಣೆ ಸರ್ಕಾರದ್ದು. ಆದರೆ ಲಕ್ಷಗಟ್ಟಲೆ ಕೊಟ್ಟು ಕಾರು ಕೊಳ್ಳುವ ಮನೆ, ಮಗುವಿನ ಆಸನಕ್ಕೆ ಮಾತ್ರ ಲೆಕ್ಕ ಹಾಕುವುದು ನ್ಯಾಯವಲ್ಲ.

ಕೊಂಡದ್ದನ್ನು ಸಾಕುವುದು ಎಷ್ಟು ಕಷ್ಟವೆಂಬುದನ್ನು ಈ ಎರಡು ನಗರಗಳ ಬಸ್ಸುಗಳೇ ಹೇಳುತ್ತವೆ. ಕೇಂದ್ರದ ನರ್ಮ್ ಎಂಬ ನಗರಾಭಿವೃದ್ಧಿ ಯೋಜನೆಯ ನೆರವಿನಿಂದ ಕೊಚ್ಚಿ, ತಿರುವನಂತಪುರಗಳಿಗೆ ವೋಲ್ವೊ ಲೋ ಫ್ಲೋರ್ ಬಸ್ಸುಗಳು ಬಂದಾಗ ಜನ ಅಕ್ಕರೆಯಿಂದ ಹತ್ತಿದರು. ನೆಲಮಟ್ಟದ ಬಾಗಿಲು ವಯಸ್ಸಾದವರಿಗೆ, ಗರ್ಭಿಣಿಯರಿಗೆ ಎಷ್ಟು ಉಪಕಾರಿಯೆಂದು ಬೇರೆ ಹೇಳಬೇಕಿಲ್ಲ. ಇವುಗಳನ್ನು ನಡೆಸಲೆಂದೇ 2014ರಲ್ಲಿ ಕೆಯುಆರ್‌ಟಿಸಿ ಎಂಬ ನಿಗಮ ಹುಟ್ಟಿ, ಕೊಚ್ಚಿಯ ತೇವರದಲ್ಲಿ ಅದರ ಕೇಂದ್ರ ಕಚೇರಿ ನೆಲೆಯಾಯಿತು. ಕೆಲವೇ ವರ್ಷಗಳಲ್ಲಿ ಅದೇ ತೇವರದ ಅಂಗಳದಲ್ಲಿ ಇಪ್ಪತ್ತಕ್ಕೂ ಹೆಚ್ಚು ವೋಲ್ವೊ ಬಸ್ಸುಗಳು ಓಡದೆ ನಿಂತವು. ಕೋವಿಡ್ ಕಾಲದಲ್ಲಿ ನಿಂತವು ಮತ್ತೆ ಏಳಲಿಲ್ಲ. ದುಬಾರಿ ಬಿಡಿಭಾಗ, ತುಂಬದ ಖಜಾನೆ, ಉಪ್ಪುಗಾಳಿ, ಮಳೆ ಎಲ್ಲ ಸೇರಿ ಅವನ್ನು ಮೂಲೆಗೆ ಸೇರಿಸಿದವು. 2022ರಲ್ಲಿ ಕೆಲವನ್ನು ಗುಜರಿಗೆ ಹಾಕುವ ಮಾತು ನಡೆಯಿತು, ಹಳೆಯ ಲೋ ಫ್ಲೋರ್ ಬಸ್ಸುಗಳನ್ನು ತಿರುವನಂತಪುರದ ಮಣಕ್ಕಾಡಿನ ಶಾಲೆಗೆ ತರಗತಿ ಕೋಣೆಯಾಗಿ ಕೊಡುವುದಾಗಿ ಸಚಿವರು ಹೇಳಿದರು. ನಿಗಮಕ್ಕೆ ಅನ್ವಯಿಸುವ ಮಾತು ಮನೆಯ ಕಾರಿಗೂ ಅನ್ವಯಿಸುತ್ತದೆ. ಇಂದಿನ ಬೆಲ್ಟಿನೊಳಗೆ ಡಿಕ್ಕಿಯ ಕ್ಷಣದಲ್ಲಿ ಪಟ್ಟಿಯನ್ನು ಸೆಳೆದು ಬಿಗಿಮಾಡುವ ಸಣ್ಣ ಸಿಡಿಮದ್ದು ಇರುತ್ತದೆ. ಅದು ಒಂದೇ ಸಲ ಸಿಡಿಯುವಂಥದ್ದು; ಸಿಡಿದ ಮೇಲೆ ಬೆಲ್ಟನ್ನೇ ಬದಲಿಸಬೇಕು. ತಾನೇ ಬ್ರೇಕು ಹಿಡಿಯುವ ಕಾರಿನ ಕ್ಯಾಮೆರಾ ಮುಂಗಾಜಿನ ಹಿಂದೆ ಇರುವುದರಿಂದ ಗಾಜು ಬದಲಿಸಿದರೆ ಅದನ್ನು ಮತ್ತೆ ಹೊಂದಿಸಿಕೊಳ್ಳಬೇಕು. ಅಪಘಾತವಾದ ಹಳೆಯ ವೋಲ್ವೊವನ್ನು ಅಗ್ಗಕ್ಕೆ ಕೊಂಡು ಈ ಕೆಲಸಗಳನ್ನು ಬಿಟ್ಟವರು ಹೆಸರನ್ನು ಕೊಂಡಿರುತ್ತಾರೆ, ಸುರಕ್ಷತೆಯನ್ನಲ್ಲ.

ಈ ವಾದಕ್ಕೆ ಎದುರಾಗುವ ಅತ್ಯಂತ ಗಟ್ಟಿಯಾದ ಪ್ರಶ್ನೆ ನೋವಿನಿಂದ ಹುಟ್ಟಿದ್ದು. 2013ರ ಅಕ್ಟೋಬರ್ 30ರಂದು ಬೆಂಗಳೂರಿನಿಂದ ಹೈದರಾಬಾದಿಗೆ ಹೊರಟ ವೋಲ್ವೊ ಬಸ್ಸು ಮಹಬೂಬ್‌ನಗರದ ಪಾಲೆಂ ಬಳಿ ಹೊತ್ತಿ ಉರಿದು 45 ಜನ ಸತ್ತರು. 2020ರ ಫೆಬ್ರುವರಿ 20ರ ನಸುಕಿನಲ್ಲಿ ಬೆಂಗಳೂರಿನಿಂದ ಎರ್ನಾಕುಲಕ್ಕೆ ಹೊರಟ ಕೇರಳ ಸಾರಿಗೆಯ ವೋಲ್ವೊಗೆ ತಮಿಳುನಾಡಿನ ಅವಿನಾಶಿ ಬಳಿ ಡಿವೈಡರ್ ದಾಟಿ ಬಂದ ಕಂಟೇನರ್ ಲಾರಿ ಬಡಿದು 19 ಜನ ತೀರಿಕೊಂಡರು. 2024ರ ಡಿಸೆಂಬರ್ 21ರಂದು ನೆಲಮಂಗಲದ ಬಳಿ ಕಂಟೇನರ್ ಲಾರಿಯೊಂದು ವೋಲ್ವೊದ ದೊಡ್ಡ ಕಾರಿನ ಮೇಲೆ ಮಗುಚಿಬಿದ್ದು ಒಂದೇ ಕುಟುಂಬದ ಆರು ಜನ ಇಲ್ಲವಾದರು. ಹಾಗಾದರೆ ಇಷ್ಟೆಲ್ಲ ಸಂಶೋಧನೆ ಏತಕ್ಕೆ ಬಂತು? ಉತ್ತರದ ದೊಡ್ಡ ಪಾಲು ಆ ಲಾರಿಗಳಲ್ಲಿದೆ. ಹತ್ತಾರು ಟನ್ ಭಾರ ಮೇಲಿಂದ ಬಿದ್ದರೆ ತಡೆಯುವ ಕಾರನ್ನು ಯಾವ ಕಂಪನಿಯೂ ಮಾಡಿಲ್ಲ. ರಸ್ತೆಯ ಎರಡು ಬದಿಯ ನಡುವೆ ಲಾರಿಯನ್ನು ತಡೆದು ನಿಲ್ಲಿಸುವ ತಡೆಗೋಡೆ, ಕಂಟೇನರಿಗೆ ಸರಿಯಾದ ಬಿಗಿತ, ಸವೆಯದ ಟೈರು, ನಿದ್ದೆಗೆಡದ ಚಾಲಕ, ಇವು ಕಾರಿನ ಹೊರಗಿನ ಸುರಕ್ಷತೆ. ಅವನ್ನು ಷೋರೂಮಿನಲ್ಲಿ ಮಾರುವುದಿಲ್ಲ. ವೋಲ್ವೊ ಕೂಡ ತನ್ನ ಹೊಸ ಕಾರುಗಳಲ್ಲಿ 2020ರ ಹೊತ್ತಿಗೆ ಯಾರೂ ಸಾಯಬಾರದೆಂದು ಗುರಿ ಇಟ್ಟುಕೊಂಡು, ಕಡೆಗೆ ಅತಿವೇಗ, ಕುಡಿತ, ಮೈಮರೆವುಗಳನ್ನು ಯಂತ್ರ ಒಂದೇ ಗೆಲ್ಲಲಾರದೆಂದು ಒಪ್ಪಿ, 2020ರಿಂದ ಕಾರುಗಳ ಗರಿಷ್ಠ ವೇಗವನ್ನೇ 180 ಕಿ.ಮೀ.ಗೆ ಕಟ್ಟಿಹಾಕಿತು.

ಸ್ವೀಡನ್ ಮೊದಲಿನಿಂದಲೂ ಹಾಗೇ ಇತ್ತೆಂದು ತಿಳಿಯುವುದೂ ತಪ್ಪು. 1966ರಲ್ಲಿ ಅಲ್ಲಿ ರಸ್ತೆಯಲ್ಲಿ 1,300ಕ್ಕೂ ಹೆಚ್ಚು ಜನ ಸತ್ತಿದ್ದರು. ಮುಂದಿನ ಸೀಟಿನ ಬೆಲ್ಟು 1975ರಲ್ಲಿ, ಹಿಂದಿನದು 1986ರಲ್ಲಿ ಕಡ್ಡಾಯವಾಯಿತು. 1997ರಲ್ಲಿ ಸಂಸತ್ತು ರಸ್ತೆಯಲ್ಲಿ ಒಂದು ಸಾವನ್ನೂ ಒಪ್ಪುವುದಿಲ್ಲವೆಂಬ ನೀತಿ ಮಾಡಿತು; ಮನುಷ್ಯ ತಪ್ಪುಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಮರಣದಂಡನೆ ಕೊಡದಂತೆ ರಸ್ತೆ ಕಟ್ಟಬೇಕು ಎಂಬುದು ಅದರ ತಿರುಳು. 2023ರಲ್ಲಿ ಅಲ್ಲಿ ಸತ್ತವರು 229. ಅದೇ ವರ್ಷ ಕೇರಳದಲ್ಲಿ 4,080. ಕೇರಳದ ಜನಸಂಖ್ಯೆ ಸ್ವೀಡನ್ನಿನ ಮೂರೂವರೆ ಪಟ್ಟಿನೊಳಗೆ, ಸಾವು ಹದಿನೇಳು ಪಟ್ಟಿಗೂ ಹೆಚ್ಚು. ನಮ್ಮಲ್ಲಿ ಸಾಯುವವರಲ್ಲಿ ಬೈಕಿನವರು, ಕಾಲ್ನಡಿಗೆಯವರು ಬಹಳ, ಅವರಿಗೆ ಕಾರಿನ ಬೆಲ್ಟು ನೆರವಾಗದು ಎಂಬ ಆಕ್ಷೇಪ ನಿಜ. ಅದಕ್ಕೇ ಹೆಲ್ಮೆಟ್ಟು, ಕಾಲುದಾರಿ, ವೇಗದ ಮಿತಿ ಇವೆಲ್ಲ ಒಂದೇ ವ್ರತದ ಭಾಗಗಳು. ಒಂದು ಸಾಲದೆಂದು ಇನ್ನೊಂದನ್ನು ಬಿಡುವುದು ಜಾಣತನವಲ್ಲ.

ಸರ್ಕಾರ ಮಾಡಬೇಕಾದ್ದು ಬಹಳವಿದೆ, ಅದನ್ನು ಕೇಳುತ್ತಲೇ ಇರಬೇಕು. ಆದರೆ ತಡೆಗೋಡೆ ಕಟ್ಟುವವರೆಗೆ ಕಾಯದೆ ಇಂದೇ ಮಾಡಬಹುದಾದ ಕೆಲಸಗಳೂ ಇವೆ. ಮನೆಯ ಕಾರು ಯಾವ ಕಂಪನಿಯದಾದರೂ ಇರಲಿ, ಹಿಂದಿನ ಸೀಟಿನಲ್ಲಿ ಹಾಸಿದ ಕವರಿನ ಕೆಳಗೆ ಹೂತುಹೋದ ಬಕಲನ್ನು ಈ ಭಾನುವಾರ ಹೊರಗೆಳೆಯಿರಿ, ಪಟ್ಟಿ ಹರಿದಿದೆಯೇ ನೋಡಿ, ಜೋರಾಗಿ ಎಳೆದಾಗ ಅದು ತಡೆದು ನಿಲ್ಲುತ್ತದೆಯೇ ಪರೀಕ್ಷಿಸಿ. ಕ್ಲಿಪ್ಪಿದ್ದರೆ ಕಸಕ್ಕೆ ಹಾಕಿ. ಮಗುವಿಗೆ ತನ್ನದೇ ಆಸನ ಕೊಡಿ. ರಾತ್ರಿ ಬಸ್ಸಿನಲ್ಲಿ ಬೆಲ್ಟಿದ್ದರೆ ಕಟ್ಟಿಕೊಳ್ಳಿ, ತುರ್ತು ಬಾಗಿಲೂ ಗಾಜು ಒಡೆಯುವ ಸುತ್ತಿಗೆಯೂ ಎಲ್ಲಿವೆಯೆಂದು ಮಲಗುವ ಮುನ್ನ ನೋಡಿಕೊಳ್ಳಿ. ಬೆಲ್ಟು ಸಿಕ್ಕಿಸಲು ಬೇಕಾಗುವುದು ಎರಡು ಸೆಕೆಂಡು, ಒಂದು ಕೈ.