ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಟರ್ಬೊ ಕಾರಿನ ಬಿಸಿ ಪುರಾಣ



ಡೆಟ್ರಾಯಿಟ್ ಸುತ್ತಮುತ್ತಲಿನ ಕನ್ನಡಿಗರಿಗೂ ಕಾರಿಗೂ ಇರುವ ನಂಟನ್ನು ಹೊಸದಾಗಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಹಲವರಿಗೆ ಅನ್ನ ಹಾಕುತ್ತಿರುವುದೇ ಕಾರು. ಯುಗಾದಿ ಊಟದ ಪಂಕ್ತಿಯಲ್ಲಿ ಕೂತರೆ ಎಡಕ್ಕೆ ಬ್ರೇಕಿನವರು, ಬಲಕ್ಕೆ ಸೀಟಿನವರು, ಎದುರಿಗೆ ಗೇರ್‌ಬಾಕ್ಸಿನವರು! ನಾನು ರೇಡಿಯೇಟರಿನವನು. ಎಂಜಿನ್ ತಣ್ಣಗಿಡುವ ವಿಭಾಗದಲ್ಲೇ ನನ್ನ ಇಪ್ಪತ್ತು ವರ್ಷ ಕಳೆದಿದೆ. ಹಾಗಾಗಿ ಬೇಸಿಗೆ ಬಂತೆಂದರೆ ನಾರ್ತ್‌ವಿಲ್‌ನ ನಮ್ಮ ಮನೆಗೆ ಫೋನುಗಳು ಶುರುವಾಗುತ್ತವೆ: "ಸಾರ್, ಮುಳ್ಳು ಕೆಂಪು ಗೆರೆಗೆ ಹೋಗ್ತಿದೆ, ಏನ್ಮಾಡ್ಲಿ?"

ಒಬ್ಬೊಬ್ಬರಿಗೂ ಬಿಡಿಯಾಗಿ ಹೇಳುವುದಕ್ಕಿಂತ ಒಂದೇ ಸಲ ಎಲ್ಲರಿಗೂ ಬರೆದುಬಿಡೋಣವೆಂದು ಈ ಲೇಖನ.

ಮೊದಲು ನಮ್ಮೂರಿನದೇ ಒಂದು ಮಾತು. ನಾರ್ತ್‌ವಿಲ್ ಪೇಟೆಯ ಹತ್ತಿರ, ರೂಜ್ ನದಿಯ ದಂಡೆಯ ಮೇಲೆ, ದೊಡ್ಡ ನೀರಿನ ಚಕ್ರವಿರುವ ಕಟ್ಟಡವನ್ನು ನೀವೆಲ್ಲ ನೋಡಿರುತ್ತೀರಿ. ಅದು ಹೆನ್ರಿ ಫೋರ್ಡ್ 1920ರಲ್ಲಿ ಶುರುಮಾಡಿದ ವಾಲ್ವ್ ಕಾರ್ಖಾನೆಯ ಜಾಗ. ಹಳ್ಳಿಗಳಲ್ಲಿ ನದಿನೀರಿನ ಬಲದಿಂದ ನಡೆಯುವ ಚಿಕ್ಕ ಕಾರ್ಖಾನೆಗಳನ್ನು ಕಟ್ಟುವ ಅವನ ಯೋಜನೆಯಲ್ಲಿ ಇದೇ ಮೊದಲನೆಯದು. ಈಗಿರುವ ಕಟ್ಟಡ 1936ರದು, ಆಲ್ಬರ್ಟ್ ಕಾನ್ ಅವರ ವಿನ್ಯಾಸ. 1981ರಲ್ಲಿ ಕಾರ್ಖಾನೆ ಮುಚ್ಚಿತು. ಅಲ್ಲಿ ತಯಾರಾಗುತ್ತಿದ್ದ ವಾಲ್ವ್‌ಗಳ ಕೆಲಸ ಗೊತ್ತಲ್ಲ? ಕೆಂಡದಂತೆ ಕಾದ ಹೊಗೆ ಹೊರಹೋಗುವ ಬಾಗಿಲು ಕಾಯುವುದು. ಎಂಜಿನ್ನಿನ ಬಿಸಿಯೊಡನೆ ಗುದ್ದಾಟ ನಮ್ಮೂರಿಗೆ ನೂರು ವರ್ಷದ ಹಳೆಯ ಕಸುಬು!

ಟರ್ಬೊ ಬಂದಮೇಲೆ ಬದಲಾದದ್ದೇನು?

ಊರಿನಲ್ಲಿ ಆಗುಂಬೆ, ಚಾರ್ಮಾಡಿ, ಶಿರಾಡಿ ಘಾಟಿ ಹತ್ತುವಾಗ ಹಳೆಯ ಬಸ್ಸುಗಳು ಬುಸುಗುಟ್ಟಿಕೊಂಡು ನಿಲ್ಲುತ್ತಿದ್ದುದು ನೆನಪಿದೆಯೇ? ಕ್ಲೀನರ್ ಹುಡುಗ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟು, ಒದ್ದೆ ಗೋಣಿಚೀಲ ಹಿಡಿದು ಮುಚ್ಚಳ ತಿರುಗಿಸುತ್ತಿದ್ದ. ಅಲ್ಲಿ ಕಾರಣ ಸರಳ: ಏರು ಹೆಚ್ಚು, ಭಾರ ಹೆಚ್ಚು, ವೇಗ ಕಡಿಮೆ, ಗಾಳಿ ಸಾಲದು. ನಮ್ಮ ದಕ್ಷಿಣ ಮಿಷಿಗನ್ನಿನಲ್ಲಿ ಹುಡುಕಿದರೂ ಘಾಟಿಯಿಲ್ಲ. ಆದರೂ ಕಾರು ಕಾಯುತ್ತದೆ, ಏಕೆ?

ಪೆಟ್ರೋಲಿನ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೇ ಒಂದು ಭಾಗ ಮಾತ್ರ ಚಕ್ರ ತಿರುಗಿಸುತ್ತದೆ. ಇನ್ನೊಂದು ಭಾಗ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಉಳಿದದ್ದನ್ನು ರೇಡಿಯೇಟರಿನ ನೀರು ಹೊತ್ತೊಯ್ಯಬೇಕು. ಟರ್ಬೊ ಎಂದರೆ ಹೊರಹೋಗುವ ಆ ಹೊಗೆಗೆ ಅಡ್ಡವಾಗಿಟ್ಟ ಗಿರಗಟ್ಟೆ. ಹೊಗೆಯ ರಭಸಕ್ಕೆ ಅದು ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತು ತಿರುಗಿ, ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುತ್ತದೆ. ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ಬಲ, ಜೊತೆಗೆ ಹೆಚ್ಚು ಬಿಸಿ. ಆರು ಸಿಲಿಂಡರಿನ ಕೆಲಸವನ್ನು ನಾಲ್ಕು ಸಿಲಿಂಡರಿನಿಂದ ತೆಗೆದರೆ ಬಿಸಿಯೆಲ್ಲ ಅಷ್ಟೇ ಚಿಕ್ಕ ಜಾಗದಲ್ಲಿ ಕೂಡಿಕೊಳ್ಳುತ್ತದೆ.

ಟರ್ಬೊ ಮುಟ್ಟುವ ಹೊಗೆ 900 ಡಿಗ್ರಿ ಸೆಲ್ಷಿಯಸ್ ದಾಟುವುದುಂಟು. ಅಲ್ಯುಮಿನಿಯಂ ಕರಗುವುದೇ 660 ಡಿಗ್ರಿಗೆ! ಆದ್ದರಿಂದ ಟರ್ಬೊದ ಬೇರಿಂಗಿಗೆ ಎಣ್ಣೆಯ ಜೊತೆಗೆ ರೇಡಿಯೇಟರಿನ ನೀರನ್ನೂ ಸಣ್ಣ ಕೊಳವೆಗಳಲ್ಲಿ ಹಾಯಿಸುತ್ತಾರೆ. ಒತ್ತಿದ ಗಾಳಿಯೂ ಕಾಯುತ್ತದೆ, ಅದನ್ನು ತಣಿಸಲು ಇಂಟರ್‌ಕೂಲರ್ ಬೇಕು. ಹೀಗೆ ಹಲವು ಕಾರುಗಳ ಮೂತಿಯಲ್ಲಿ ಎಸಿ ಕಂಡೆನ್ಸರ್, ಇಂಟರ್‌ಕೂಲರ್, ರೇಡಿಯೇಟರ್ ಮೂರೂ ಒಂದರ ಹಿಂದೊಂದು ನಿಂತಿರುತ್ತವೆ. ಮುಂದಿನವೆರಡೂ ಬಿಸಿಮಾಡಿ ಕಳಿಸಿದ ಗಾಳಿಯಲ್ಲೇ ರೇಡಿಯೇಟರ್ ತಣ್ಣಗಾಗಬೇಕು. ಪಂಕ್ತಿಯ ಕೊನೆಯವನಿಗೆ ಪಾಯಸ ಸಿಕ್ಕಿದಂತೆಯೇ!

ಈ ಪೀಕಲಾಟ ಹೊಸದಲ್ಲ. 1962ರಲ್ಲಿ ನಮ್ಮ ಲಾನ್ಸಿಂಗಿನ ಓಲ್ಡ್ಸ್‌ಮೊಬೈಲ್ 'ಜೆಟ್‌ಫೈರ್' ಎಂಬ ಟರ್ಬೊ ಕಾರನ್ನು ಹೊರತಂದಿತು. ಒತ್ತಿದ ಗಾಳಿಯ ಬಿಸಿಗೆ ಎಂಜಿನ್ ಕುಟ್ಟದಿರಲೆಂದು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವಕ್ಕೆ ಬೇರೆಯೇ ಒಂದು ತೊಟ್ಟಿ ಇಟ್ಟಿದ್ದರು. ಮಾಲೀಕರು ಅದನ್ನು ತುಂಬುವುದನ್ನೇ ಮರೆಯುತ್ತಿದ್ದರು. 1963ಕ್ಕೇ ಆ ಕಾರಿನ ಕತೆ ಮುಗಿಯಿತು.

ಜ್ವರ ಎಂಬುದು ರೋಗವಲ್ಲ

ಕಾರು ಕಾಯುವುದು ಜ್ವರವಿದ್ದಂತೆ. ಅದು ರೋಗವಲ್ಲ, ರೋಗದ ಲಕ್ಷಣ. ರೋಗ ಯಾವುದೆಂದು ತಿಳಿಯದೆ ಮದ್ದು ಕೊಟ್ಟರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಎಳೆದಂತಾಗುತ್ತದೆ. ಕಳೆದೊಂದು ಬೇಸಿಗೆಯಲ್ಲಿ ನಾನೇ ಕಂಡ ಉದಾಹರಣೆ ಹೇಳುತ್ತೇನೆ.

ನಮ್ಮ ಕೂಟದ ಗೆಳೆಯರೊಬ್ಬರ ಮನೆಯಲ್ಲಿ ನಾಲ್ಕು ಸಿಲಿಂಡರಿನ ಟರ್ಬೊ ಎಸ್‌ಯುವಿ. ಅವರ ಕೆಲಸ ಹೋಗಿ ಮೂರು ತಿಂಗಳಾಗಿತ್ತು. ಮಂಡ್ಯ ಕಡೆಯಿಂದ ತಂದೆ ತಾಯಿ ಬಂದಿದ್ದರು, ಅವರನ್ನು ಷಿಕಾಗೊ ಹತ್ತಿರದ ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಕರೆದೊಯ್ಯಬೇಕಿತ್ತು. ಜೂನ್ ತಿಂಗಳಿನಲ್ಲಿ ಕಾರು ಹೈವೇ ಮೇಲೆ ಕಾಯಲು ಶುರುವಾಯಿತು. ಒಂದು ವರ್ಕ್‌ಶಾಪಿನವರು ಥರ್ಮೋಸ್ಟಾಟ್ ಬದಲಾಯಿಸಿ 400 ಡಾಲರ್ ತೆಗೆದುಕೊಂಡರು. ಕಾಯುವುದು ನಿಲ್ಲಲಿಲ್ಲ. ಇನ್ನೊಂದು ಕಡೆ, "ಹೆಡ್ ಗ್ಯಾಸ್ಕೆಟ್ ಹೋಗಿದೆ, 3,800 ಡಾಲರ್ ಆಗುತ್ತೆ. ಇದಕ್ಕಿಂತ ಮಾರಿಬಿಡಿ" ಎಂದರು. ಇಬ್ಬರೂ ಯಾವ ಪರೀಕ್ಷೆಯನ್ನೂ ಮಾಡಿರಲಿಲ್ಲ! ಸಂಬಳವಿಲ್ಲದ ಮನೆಯಲ್ಲಿ ಹೊಸ ಕಾರಿಗೆ ಸಾಲ ಮಾಡುವುದೋ, ಉಳಿತಾಯ ಒಡೆಯುವುದೋ ಎಂದು ಗಂಡ ಹೆಂಡತಿ ಲೆಕ್ಕ ಹಾಕುತ್ತಿದ್ದರು.

ಶನಿವಾರ ಬೆಳಿಗ್ಗೆ ನಾನು ಹೋದೆ. ಕಾರು ಮುಟ್ಟುವ ಮೊದಲು ಪ್ರಶ್ನೆಗಳು. ಯಾವಾಗ ಕಾಯುತ್ತೆ? ಸಿಗ್ನಲ್‌ನಲ್ಲಿ ನಿಂತಾಗ ಇಲ್ಲ, ಎಸಿ ಹಾಕಿ, ಮನೆಮಂದಿಯೆಲ್ಲ ಕೂತು, ಎಂ-14ರ ಮೇಲೆ 70 ಮೈಲಿ ವೇಗದಲ್ಲಿ ಹೋದಾಗ. ನೀರು ಕಡಿಮೆಯಾಗುತ್ತಾ? ತಿಂಗಳಿಗೆ ಒಂದು ಲೋಟದಷ್ಟು. ನೆಲದ ಮೇಲೆ ತೊಟ್ಟಿಕ್ಕಿದ ಗುರುತು? ಇಲ್ಲವೇ ಇಲ್ಲ.

ಅಷ್ಟರಲ್ಲಿ ಕಾಫಿ ತಂದ ಅಜ್ಜಿ ಹೇಳಿದರು: "ಕಾರು ತಂದು ನಿಲ್ಲಿಸಿದ್ಮೇಲೆ ಗ್ಯಾರೇಜಲ್ಲಿ ಬೆಲ್ಲದ ಪಾಕ ಕಾಯ್ಸಿದಂಗೆ ವಾಸ್ನೆ ಬತ್ತದೆ ಕಣಪ್ಪ. ನಾನೂ ಹೇಳ್ತಾನೇ ಇವ್ನಿ, ಯಾರೂ ಕಿವಿಗಾಕಳಾಕಿಲ್ಲ."

ಆಲೆಮನೆಯ ಸೀಮೆಯವರ ಮೂಗು ಸುಳ್ಳು ಹೇಳುವುದಿಲ್ಲ. ರೇಡಿಯೇಟರಿನ ದ್ರವದಲ್ಲಿರುವ ಎಥಿಲಿನ್ ಗ್ಲೈಕಾಲ್ ಕಾದಾಗ ಸಿಹಿ ವಾಸನೆಯೇ ಬರುವುದು. ಅಂದರೆ ದ್ರವ ಎಲ್ಲೋ ಬಿಸಿ ಜಾಗದ ಮೇಲೆ ಬಿದ್ದು ಆವಿಯಾಗುತ್ತಿದೆ, ನೆಲ ತಲುಪುವಷ್ಟರಲ್ಲಿ ಏನೂ ಉಳಿಯುತ್ತಿಲ್ಲ.

ಆಮೇಲಿನದು ಪರೀಕ್ಷೆ. ಆಟೋಜೋನ್, ಓ'ರೈಲಿಯಂಥ ಅಂಗಡಿಗಳು ಡಿಪಾಸಿಟ್ ಇಟ್ಟುಕೊಂಡು ಉಪಕರಣಗಳನ್ನು ಎರವಲು ಕೊಡುತ್ತವೆ, ಹಿಂತಿರುಗಿಸಿದರೆ ದುಡ್ಡು ವಾಪಸ್. ಅಲ್ಲಿಂದ ತಂದ ಪ್ರೆಷರ್ ಪಂಪನ್ನು ತಣ್ಣಗಿದ್ದ ಎಂಜಿನ್ನಿಗೆ ಹಾಕಿ, ಮುಚ್ಚಳದ ಮೇಲೆ ಬರೆದಷ್ಟು ಒತ್ತಡ ಕೊಟ್ಟೆವು. ಇಪ್ಪತ್ತು ನಿಮಿಷದಲ್ಲಿ ಮುಳ್ಳು 3 ಪಿ.ಎಸ್.ಐ. ಇಳಿಯಿತು. ಟಾರ್ಚ್ ಮತ್ತು ಚಿಕ್ಕ ಕನ್ನಡಿ ಹಿಡಿದು ಹುಡುಕಿದರೆ, ಟರ್ಬೊದಿಂದ ನೀರು ವಾಪಸು ಬರುವ ಕೊಳವೆಯ ಸಂದಿನಲ್ಲಿ ಒಂದು ಹನಿ, ಸುತ್ತಲೂ ಒಣಗಿದ ಬಿಳಿ ಪೊರೆ. ಹನಿ ನೇರವಾಗಿ ಬೀಳುತ್ತಿದ್ದುದು ಟರ್ಬೊದ ಬಿಸಿ ಕವಚದ ಮೇಲೆ!

ಹಾಗಾದರೆ ಹೆಡ್ ಗ್ಯಾಸ್ಕೆಟ್? ಅದಕ್ಕೂ ಪರೀಕ್ಷೆಯಿದೆ. ಎಂಜಿನ್ ಓಡುತ್ತಿರುವಾಗ ರೇಡಿಯೇಟರಿನ ಬಾಯಿಂದ ಬರುವ ಗಾಳಿಯನ್ನು ನೀಲಿ ದ್ರವದ ನಳಿಗೆಯಲ್ಲಿ ಹಾಯಿಸಬೇಕು. ಸಿಲಿಂಡರಿನ ಹೊಗೆ ನೀರಿಗೆ ಸೇರುತ್ತಿದ್ದರೆ ನೀಲಿ ಹಳದಿಯಾಗುತ್ತದೆ. (ತಣ್ಣಗಿರುವಾಗಲೇ ಮುಚ್ಚಳ ತೆಗೆದು ನಳಿಗೆ ಕೂರಿಸಿ, ಆಮೇಲೆ ಎಂಜಿನ್ ಚಾಲೂ ಮಾಡಬೇಕು.) ಹದಿನೈದು ನಿಮಿಷ ಕಾದರೂ ನೀಲಿ ನೀಲಿಯಾಗಿಯೇ ಇತ್ತು. 3,800 ಡಾಲರ್ ಅಲ್ಲೇ ಉಳಿಯಿತು.

ಆದರೆ ತಿಂಗಳಿಗೊಂದು ಲೋಟ ನೀರು ಹೋದದ್ದರಿಂದಲೇ ಕಾರು ಅಷ್ಟು ಕಾಯಲಾರದು. ಎಸಿ ಹಾಕಿ ನೋಡಿದರೆ ಫ್ಯಾನ್ ಸರಿಯಾಗಿ ತಿರುಗುತ್ತಿತ್ತು. ಮೂತಿಯ ಪ್ಲಾಸ್ಟಿಕ್ ಬಿಚ್ಚಿ ಕಂಡೆನ್ಸರ್ ಮತ್ತು ರೇಡಿಯೇಟರಿನ ನಡುವೆ ಟಾರ್ಚ್ ಬಿಟ್ಟೆವು. ಅಲ್ಲಿ ಕೌದಿ ಹಾಸಿದಂತೆ ಬೂದು ಬಣ್ಣದ ಹತ್ತಿ! ಮೇ ಕೊನೆಯಿಂದ ಜೂನ್‌ವರೆಗೆ ಮಿಷಿಗನ್ನಿನಲ್ಲಿ ಹಿಮ ಬಿದ್ದಂತೆ ಹಾರಾಡುವ ಕಾಟನ್‌ವುಡ್ ಮರದ ಹತ್ತಿ, ನಮ್ಮ ಬೂರುಗದ ಹತ್ತಿಯ ಹಾಗೆ. ಮುಂದಿನಿಂದ ನೋಡಿದರೆ ಏನೂ ಕಾಣದು. ತೋಟದ ಪೈಪಿನಿಂದ, ಸಣ್ಣ ಒತ್ತಡದಲ್ಲಿ, ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟು ತೊಳೆದೆವು. ಜೋರಾಗಿ ಬಿಟ್ಟರೆ ತೆಳು ರೆಕ್ಕೆಗಳು ಮಡಚಿಕೊಂಡು ಮೊದಲಿಗಿಂತ ಕೆಡುತ್ತದೆ.

ಹೀಗೆ ರೋಗ ಎರಡು. ಸೋರಿಕೆಯಿಂದ ನೀರೂ ಒತ್ತಡವೂ ಕಡಿಮೆ, ಹತ್ತಿಯಿಂದ ಗಾಳಿ ಕಡಿಮೆ. ಒಂದೊಂದೇ ಇದ್ದಿದ್ದರೆ ಕಾರು ತಡೆದುಕೊಳ್ಳುತ್ತಿತ್ತು. ಎರಡೂ ಸೇರಿ, ಮೇಲೆ ಎಸಿ ಮತ್ತು ಭಾರ ಬಿದ್ದಾಗ ಸೋತಿತು. ಕೊಳವೆ, ಸೀಲು, ಹೊಸ ದ್ರವ, ಕೂಲಿ ಎಲ್ಲ ಸೇರಿ 300 ಡಾಲರಿನೊಳಗೆ ಮುಗಿಯಿತು. ಹಿಂದೆ 70 ಮೈಲಿ ವೇಗದಲ್ಲಿ 118 ಡಿಗ್ರಿ ಸೆಲ್ಷಿಯಸ್ ತೋರಿಸುತ್ತಿದ್ದ ಕಾರು ಈಗ 99ಕ್ಕೆ ನಿಂತಿತು. ಅಜ್ಜಿ ತಾತ ಅರೋರಾಕ್ಕೂ ಹೋಗಿ ಬಂದರು.

ಯಾವಾಗ ಕಾದರೆ ಯಾವ ರೋಗ?

ನಿಂತಾಗ ಕಾದು, ಓಡುವಾಗ ತಣ್ಣಗಾದರೆ: ಫ್ಯಾನ್, ಅದರ ಫ್ಯೂಸ್, ರಿಲೇ.

ಓಡುವಾಗ ಮಾತ್ರ ಕಾದರೆ: ರೇಡಿಯೇಟರಿಗೆ ಗಾಳಿ ಅಥವಾ ನೀರು ಸಾಲುತ್ತಿಲ್ಲ. ಹತ್ತಿ, ಕಸ, ಕಟ್ಟಿದ ರೇಡಿಯೇಟರ್, ಥರ್ಮೋಸ್ಟಾಟ್, ನೀರಿನ ಪಂಪು.

ಎಂಜಿನ್ ಕಾದಿದ್ದರೂ ಹೀಟರಿನಿಂದ ತಣ್ಣನೆ ಗಾಳಿ ಬಂದರೆ: ನೀರು ಕಡಿಮೆ, ಒಳಗೆ ಗಾಳಿ ಸೇರಿದೆ, ಅಥವಾ ಪಂಪು ನೀರು ತಳ್ಳುತ್ತಿಲ್ಲ.

ನೀರು ಕರಗುತ್ತಾ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದೆ ಬಂದರೆ: ಆಗ ಹೆಡ್ ಗ್ಯಾಸ್ಕೆಟ್ ಗುಮಾನಿ. ಚಳಿಗಾಲದಲ್ಲಿ ಎಣ್ಣೆ ಮುಚ್ಚಳದ ಒಳಗೆ ಕೆನೆಯಂಥದ್ದು ಕಂಡ ಮಾತ್ರಕ್ಕೆ ಹೆದರಬೇಡಿ. ಹತ್ತಿರ ಹತ್ತಿರದ ಓಡಾಟದಲ್ಲಿ ಬರೀ ತೇವವೂ ಹಾಗೆ ಕಾಣುತ್ತದೆ.

ಕಾರು ನಿಲ್ಲಿಸಿದ ಮೇಲೂ ಬಾನೆಟ್ಟಿನೊಳಗೆ ಗುಂಯ್ ಎನ್ನುತ್ತಿದ್ದರೆ: ಅದು ಹಲವು ಟರ್ಬೊ ಕಾರುಗಳಲ್ಲಿ ಸಹಜ. ಟರ್ಬೊ ತಣಿಯಲೆಂದು ಫ್ಯಾನೋ ವಿದ್ಯುತ್ ಪಂಪೋ ಓಡುತ್ತಿರುತ್ತದೆ.

ಇನ್ನೊಂದು ಎಚ್ಚರಿಕೆ. ಈಗಿನ ಕಾರುಗಳಲ್ಲಿ ಬಿಸಿಯ ಮುಳ್ಳು ಬಹಳ ದೂರದವರೆಗೆ ನಡುವಿನಲ್ಲೇ ನಿಂತಿರುವಂತೆ ಮಾಡಿರುತ್ತಾರೆ. ಅದು ಮೇಲೇರಿತೆಂದರೆ ಆಗಲೇ ತಡವಾಗಿದೆ. ಅಮೆರಿಕದಲ್ಲಿ 1996ರಿಂದೀಚಿನ ಎಲ್ಲ ಕಾರುಗಳಲ್ಲೂ ಸ್ಟೀರಿಂಗಿನ ಕೆಳಗೆ ಓಬಿಡಿ ಕಿಂಡಿಯಿದೆ. ಚಿಕ್ಕ ರೀಡರ್ ಒಂದನ್ನು ಸಿಕ್ಕಿಸಿದರೆ ನಿಜವಾದ ಡಿಗ್ರಿ ನಿಮ್ಮ ಫೋನಿನಲ್ಲೇ ಕಾಣುತ್ತದೆ.

ತಯಾರಕರ ಕಡೆಯ ದೋಷವೂ ಇರಬಹುದು. 2017ರಲ್ಲಿ ಫೋರ್ಡ್ ಕಂಪನಿ ಎಸ್ಕೇಪ್, ಫ್ಯೂಷನ್ ಮುಂತಾದ ಕೆಲವು ಮಾದರಿಗಳ 1.6 ಲೀಟರ್ ಟರ್ಬೊ ಎಂಜಿನ್ನಿನ ಎರಡು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸು ಕರೆಯಿತು. ನೀರಿನ ಹರಿವು ಸಾಲದೆ ಸಿಲಿಂಡರ್ ಹೆಡ್ ಕಾದು, ಬಿರುಕುಬಿಟ್ಟು, ಎಣ್ಣೆ ಸೋರಿ ಬೆಂಕಿ ಹತ್ತುವ ಅಪಾಯ ಅದಕ್ಕೆ ಕಾರಣ. ನಿಮ್ಮ ಕಾರಿನ 17 ಅಕ್ಷರದ ವಿನ್ ಸಂಖ್ಯೆಯನ್ನು ಸರಕಾರದ ಹೆದ್ದಾರಿ ಸುರಕ್ಷಾ ಸಂಸ್ಥೆಯ ತಾಣದಲ್ಲಿ ಹಾಕಿದರೆ, ಬಾಕಿ ಉಳಿದ ರೀಕಾಲ್ ಇದೆಯೇ ಎಂದು ಪುಕ್ಕಟೆಯಾಗಿ ತಿಳಿಯುತ್ತದೆ.

ದಾರಿಯಲ್ಲಿ ಕಾದರೆ

ಎಸಿ ಆರಿಸಿ. ಸೆಕೆಯಾದರೂ ಸರಿ, ಹೀಟರ್ ಪೂರ್ತಿ ಹಾಕಿ ಕಿಟಕಿ ಇಳಿಸಿ. ಹೀಟರ್ ಎಂಬುದೂ ಒಂದು ಪುಟ್ಟ ರೇಡಿಯೇಟರೇ. ಆದಷ್ಟು ಬೇಗ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. "ಇನ್ನೊಂದು ಎಕ್ಸಿಟ್ ತಾನೆ" ಎಂದು ಎಳೆದರೆ 300 ಡಾಲರಿನ ರೋಗ ನಿಜಕ್ಕೂ ಹೆಡ್ ಗ್ಯಾಸ್ಕೆಟ್ಟೇ ಆಗುತ್ತದೆ. ಹೊಗೆಯೋ ಬೆಂಕಿಯೋ ಕಂಡರೆ ಎಲ್ಲರನ್ನೂ ಇಳಿಸಿ ದೂರ ಕರೆದೊಯ್ದು 911ಕ್ಕೆ ಫೋನ್ ಮಾಡಿ.

ಬಿಸಿಯಿರುವಾಗ ಮುಚ್ಚಳ ಮುಟ್ಟಲೇಬೇಡಿ. ಆ ಮುಚ್ಚಳ ನಮ್ಮ ಕುಕ್ಕರಿನ ವೆಯ್ಟ್ ಇದ್ದಂತೆ. ಗ್ಲೈಕಾಲ್ ಮತ್ತು ನೀರು ಅರ್ಧಕ್ಕರ್ಧ ಬೆರೆಸಿದ ದ್ರವ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ, 15 ಪಿ.ಎಸ್.ಐ. ಒತ್ತಡದಲ್ಲಿ ಸುಮಾರು 129ಕ್ಕೆ. ಮುಚ್ಚಳ ತೆಗೆದ ಕ್ಷಣ ಅಷ್ಟೂ ಕುದ್ದು ಮುಖಕ್ಕೆ ಎರಚುತ್ತದೆ. ಗೋಣಿಚೀಲದ ಕಾಲ ಮುಗಿಯಿತು!

ಬರೀ ನೀರನ್ನೇ ತುಂಬುತ್ತಾ ಹೋದರೆ ನಮ್ಮ ಜನವರಿಯಲ್ಲಿ ಅದು ಹೆಪ್ಪುಗಟ್ಟಿ ಎಂಜಿನ್ ಸೀಳುತ್ತದೆ. ಅರ್ಧಕ್ಕರ್ಧದ ಮಿಶ್ರಣವಾದರೆ ಮೈನಸ್ 37 ಡಿಗ್ರಿ ಸೆಲ್ಷಿಯಸ್‌ವರೆಗೆ ತಡೆಯುತ್ತದೆ. ಬಣ್ಣ ನೋಡಿ ಕೊಳ್ಳಬೇಡಿ, ಕಾರಿನ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿ. ಮುಖ್ಯವಾಗಿ, ಸಿಹಿಯಾದ ಈ ದ್ರವ ಘೋರ ವಿಷ. ಗ್ಯಾರೇಜಿನಲ್ಲಿ ಚೆಲ್ಲಿದ್ದರೆ ಆಗಲೇ ಒರೆಸಿ, ಡಬ್ಬವನ್ನು ಮಕ್ಕಳಿಗೂ ನಾಯಿಮರಿಗೂ ಎಟುಕದಂತೆ ಇಡಿ.

ಕೊನೆಯದಾಗಿ, ವರ್ಕ್‌ಶಾಪಿನಲ್ಲಿ ದೊಡ್ಡ ಮೊತ್ತ ಹೇಳಿದಾಗ ಸಂಕೋಚವಿಲ್ಲದೆ ಮೂರು ಪ್ರಶ್ನೆ ಕೇಳಿ: ಪ್ರೆಷರ್ ಪರೀಕ್ಷೆ ಮಾಡಿದಿರಾ? ನೀರಿನಲ್ಲಿ ಹೊಗೆ ಇದೆಯೇ ಎಂದು ನೋಡಿದಿರಾ? ಎಷ್ಟು ಡಿಗ್ರಿ, ಯಾವ ವೇಗದಲ್ಲಿ? ಉತ್ತರ ಕೊಟ್ಟವರಿಗೆ ಕಾರು ಕೊಡಿ. ತಡವರಿಸಿದರೆ ಬೀಗದ ಕೈ ವಾಪಸು ತೆಗೆದುಕೊಳ್ಳಿ. ಮನೆಯಲ್ಲಿ ಹಿರಿಯರು ಯಾರಾದರೂ "ಏನೋ ವಾಸನೆ ಬರ್ತಿದೆ" ಎಂದರೆ ದಯವಿಟ್ಟು ಕಿವಿಗೊಡಿ.

ಎಲ್ಲರ ಬೇಸಿಗೆ ಪ್ರವಾಸಗಳೂ ತಣ್ಣಗೆ ಸಾಗಲಿ. ಕಾರಿನ ಬೇರೆ ಸಂದೇಹಗಳಿದ್ದರೆ ಕೂಟದ ಪಿಕ್ನಿಕ್‌ನಲ್ಲಿ ಸಿಗೋಣ. ರೇಡಿಯೇಟರಿನವನು ಚಿತ್ರಾನ್ನದ ಸಾಲಿನಲ್ಲಿ ನಿಂತಿರುತ್ತಾನೆ!