ಕ್ರೋಷಾ ಕಲಿಯುವ ಕೈಗೆ ನೋವೇಕೆ?

ಹೋದ ಮಳೆಗಾಲದಲ್ಲಿ ಐವತ್ತೊಂಬತ್ತು ವರ್ಷದ ಗೃಹಿಣಿಯೊಬ್ಬರು ಬಲಗೈ ಹೆಬ್ಬೆರಳಿನ ಬುಡವನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡೇ ನನ್ನ ಚಿಕಿತ್ಸಾಲಯಕ್ಕೆ ಬಂದರು. ಹಾಲಿನ ಪಾತ್ರೆ ಎತ್ತಲಾಗುತ್ತಿಲ್ಲ, ಬಟ್ಟೆ ಹಿಂಡಲಾಗುತ್ತಿಲ್ಲ, ಬಾಗಿಲ ಚಿಲಕ ತಿರುಗಿಸಿದರೆ ಮೊಣಕೈವರೆಗೂ ಚಳಕು. ಬಿದ್ದಿಲ್ಲ, ಪೆಟ್ಟಾಗಿಲ್ಲ. “ಹೊಸದಾಗಿ ಏನಾದರೂ ಕೆಲಸ ಶುರು ಮಾಡಿದ್ದೀರಾ?” ಎಂದು ಕೇಳಿದೆ. ಸ್ವಲ್ಪ ಸಂಕೋಚಪಡುತ್ತಲೇ ಕೈಚೀಲದಿಂದ ಹಳದಿ ಉಲ್ಲನ್ನಿನ ಒಂದು ತುಂಡನ್ನು ತೆಗೆದು ಮೇಜಿನ ಮೇಲಿಟ್ಟರು. ಮಗಳು ಏಳು ತಿಂಗಳ ಬಸುರಿ. ಹುಟ್ಟಲಿರುವ ಮಗುವಿಗೆ ಟೋಪಿ, ಕಾಲುಚೀಲ ತಾವೇ ಹೆಣೆಯಬೇಕೆಂಬ ಆಸೆಯಿಂದ ಮೂರು ವಾರಗಳಿಂದ ದಿನಕ್ಕೆ ಮೂರು-ನಾಲ್ಕು ಗಂಟೆ ಕ್ರೋಷಾ ಕಲಿಯುತ್ತಿದ್ದರು.

ತುಂಡನ್ನು ಕೈಗೆ ತೆಗೆದುಕೊಂಡು ನೋಡಿದೆ. ಹಲಗೆಯ ಹಾಗೆ ಗಟ್ಟಿಯಾಗಿತ್ತು. ಕೈಯನ್ನು ಪರೀಕ್ಷಿಸುವ ಮೊದಲೇ ಅರ್ಧ ರೋಗನಿರ್ಣಯ ಅಲ್ಲೇ ಆಗಿಹೋಯಿತು.

ಹೆಬ್ಬೆರಳನ್ನು ಆಡಿಸುವ ಎರಡು ಸ್ನಾಯುಗಳ ಹುರಿಗಳು ಮಣಿಕಟ್ಟಿನ ಪಕ್ಕದಲ್ಲಿ ಇಕ್ಕಟ್ಟಾದ ಒಂದು ಕೊಳವೆಯೊಳಗೆ ಹಾದುಹೋಗುತ್ತವೆ. ಬಿಗಿಹಿಡಿತದಲ್ಲಿ ಮಣಿಕಟ್ಟನ್ನು ಮತ್ತೆ ಮತ್ತೆ ತಿರುಚುತ್ತಿದ್ದರೆ ಆ ಕೊಳವೆ ದಪ್ಪಗಾಗಿ ಹುರಿಗಳು ಜಾರಲಾರದೆ ನೋಯುತ್ತವೆ. 1895ರಲ್ಲಿ ಇದನ್ನು ವಿವರಿಸಿದ ಸ್ವಿಸ್ ಶಸ್ತ್ರವೈದ್ಯ ಡಿ ಕೆರ್ವೇನ್ ಅವರ ಹೆಸರೇ ಈ ತೊಂದರೆಗೆ ಉಳಿದಿದೆ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಟ್ಟು ಮಣಿಕಟ್ಟನ್ನು ಕಿರುಬೆರಳಿನ ಕಡೆಗೆ ಮೆಲ್ಲನೆ ಬಾಗಿಸಿದಾಗ ಹೆಬ್ಬೆರಳಿನ ಬುಡದಲ್ಲಿ ಚುಳ್ಳೆಂದರೆ ಬಹುಮಟ್ಟಿಗೆ ಇದೇ ಎಂದು ತಿಳಿಯಬಹುದು. ಎಳೆಮಗುವನ್ನು ಕಂಕುಳಿಗೆ ಕೈಕೊಟ್ಟು ಎತ್ತುವ ತಾಯಂದಿರಲ್ಲಿ, ಅಜ್ಜಿಯರಲ್ಲಿ ಇದು ಸಾಮಾನ್ಯ. ಇನ್ನೆರಡು ತಿಂಗಳಲ್ಲಿ ಬಾಣಂತನ ಮಾಡಬೇಕಾದ, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ನೀರು ಹಾಕಬೇಕಾದ ಕೈ ಅದು. ಆ ಹೆಂಗಸಿನ ಆತಂಕವೂ ಅದೇ ಆಗಿತ್ತು.

ಬಿಗಿ ಹಿಡಿಯುವುದೇಕೆ?

ಹೊಸಬರೆಲ್ಲರೂ ಬಿಗಿಯಾಗಿ ಹಿಡಿಯುತ್ತಾರೆ. ಕುಣಿಕೆ ಎಲ್ಲಿ ಕಡ್ಡಿಯಿಂದ ಜಾರೀತೋ ಎಂಬ ಭಯ. ದಾರವನ್ನು ಜಗ್ಗಿದಷ್ಟೂ ಕುಣಿಕೆ ಕಿರಿದಾಗುತ್ತದೆ, ಮುಂದಿನ ಸಾಲಿನಲ್ಲಿ ಕೊಕ್ಕೆ ಅದರೊಳಗೆ ಹೋಗುವುದಿಲ್ಲ. ಆಗ ಹೆಬ್ಬೆರಳಿನಿಂದ ನೂಕಬೇಕು. ಹೀಗೆ ಹೆಣಿಗೆ ಕೆಡುವುದೂ ಕೈ ಕೆಡುವುದೂ ಒಂದೇ ಕಾರಣದಿಂದ.

ಇನ್ನೊಂದು ತಪ್ಪು ಅಂಗಡಿಯಲ್ಲೇ ಆಗುತ್ತದೆ. ಅಮ್ಮನ ಕಾಲದ ಟೀವಿ ಹೊದಿಕೆ, ಬಾಗಿಲ ತೋರಣಗಳನ್ನು ನೆನೆಸಿಕೊಂಡು ಒಂದು ಮಿಲಿಮೀಟರಿನ ಉಕ್ಕಿನ ಕಡ್ಡಿ, ಸಣ್ಣ ನೂಲು ತರುತ್ತಾರೆ. ಅದು ಹತ್ತು ವರ್ಷ ಪಳಗಿದ ಕೈಯ ಕೆಲಸ. ಕಲಿಯುವವರಿಗೆ 4ರಿಂದ 5 ಮಿಲಿಮೀಟರಿನ ಕಡ್ಡಿ ಮತ್ತು ಮಧ್ಯಮ ದಪ್ಪದ, ತಿಳಿಬಣ್ಣದ ಉಲ್ಲನ್ ಸಾಕು. ಕಪ್ಪು, ಕಡುನೀಲಿ ಬೇಡ, ಕುಣಿಕೆಯೇ ಕಾಣುವುದಿಲ್ಲ. ಉಂಡೆಗೆ ಸುತ್ತಿದ ಚೀಟಿಯಲ್ಲಿ ಯಾವ ಅಳತೆಯ ಕಡ್ಡಿ ಎಂದು ಸಾಮಾನ್ಯವಾಗಿ ಮುದ್ರಿಸಿರುತ್ತಾರೆ. ಕಲಿಕೆಯ ದಿನಗಳಲ್ಲಿ ಅದಕ್ಕಿಂತ ಅರ್ಧ ಮಿಲಿಮೀಟರ್ ದಪ್ಪದ್ದನ್ನೇ ಕೊಳ್ಳಿ.

ಕಡ್ಡಿಯನ್ನು ಪೆನ್ನಿನಂತೆ ಹಿಡಿಯಬೇಕೋ ಚಾಕುವಿನಂತೆ ಹಿಡಿಯಬೇಕೋ ಎಂದು ಜಗಳವಾಡುವವರಿದ್ದಾರೆ. ಎರಡೂ ಸರಿ. ಒಂದರಲ್ಲಿ ದಣಿವಾದರೆ ಇನ್ನೊಂದಕ್ಕೆ ಬದಲಿಸಿ. ಹಿಡಿತ ಎಷ್ಟಿರಬೇಕೆಂದರೆ, ಪಕ್ಕದವರು ಎಳೆದರೆ ಕಡ್ಡಿ ಸಲೀಸಾಗಿ ಕೈಬಿಟ್ಟು ಬರಬೇಕು. ದಾರವನ್ನು ಹದದಲ್ಲಿಡುವ ಕೆಲಸ ಎಡಗೈಯದು: ಕಿರುಬೆರಳಿಗೆ ಒಂದು ಸುತ್ತು ಸುತ್ತಿ ತೋರುಬೆರಳ ಮೇಲೆ ಹಾಯಿಸಿ. ಕುಣಿಕೆಯನ್ನು ಕೊಕ್ಕೆಯ ಕಿರಿದಾದ ಕೊರಳಲ್ಲಿ ಬಿಗಿಯಬೇಡಿ, ಕಡ್ಡಿಯ ದಪ್ಪ ಭಾಗದವರೆಗೆ ಬರಲು ಬಿಡಿ. ಇಷ್ಟು ತಿಳಿದರೆ ಅರ್ಧ ನೋವು ಬಾರದು.

ಮೊದಲ ವಾರ ಬರೀ ಸರಪಳಿ ಹಾಕಿ. ಇಪ್ಪತ್ತು ಕುಣಿಕೆ ಹಾಕುವುದು, ಬಿಚ್ಚುವುದು, ಮತ್ತೆ ಹಾಕುವುದು. ಕ್ರೋಷಾದ ದೊಡ್ಡ ಉಪಕಾರವೇ ಇದು: ಎಳೆದರೆ ಎಲ್ಲ ಬಿಚ್ಚಿಕೊಳ್ಳುತ್ತದೆ, ದಾರ ಹಾಳಾಗುವುದಿಲ್ಲ. ಎರಡನೇ ವಾರ ಸಾಲು ಹೆಣೆಯುವಾಗ ಪ್ರತಿ ಸಾಲಿನ ಕೊನೆಗೂ ಎಣಿಸಿ. ಎಣಿಸದಿದ್ದರೆ ಕೊನೆಯ ಕುಣಿಕೆ ತಪ್ಪಿ, ಚೌಕ ಮಾಡಲು ಹೊರಟವರ ಕೈಯಲ್ಲಿ ತ್ರಿಕೋನ ಉಳಿಯುತ್ತದೆ. ಫೋನಿನಲ್ಲಿ ನೋಡಿ ಕಲಿಯುವವರಿಗೆ ಇನ್ನೊಂದು ಮಾತು. ಅಮೆರಿಕದವರು ಸಿಂಗಲ್ ಕ್ರೋಷಾ ಎನ್ನುವುದನ್ನೇ ಬ್ರಿಟಿಷರು ಡಬಲ್ ಕ್ರೋಷಾ ಎನ್ನುತ್ತಾರೆ. ಎರಡನ್ನೂ ಬೆರೆಸಿದರೆ ಅಳತೆ ಕೂಡುವುದಿಲ್ಲ, ತಪ್ಪು ನಿಮ್ಮದೆಂದು ಕೊರಗಬೇಕಾಗಿಲ್ಲ.

ಕಣ್ಣು, ಕತ್ತು, ಬೆನ್ನು

ನಲವತ್ತು ದಾಟಿದವರು ಕನ್ನಡಕವಿಲ್ಲದೆ ಹೆಣೆಯಲು ಕೂತು, ತಲೆನೋವು ಬಂದಾಗ ಕ್ರೋಷಾವನ್ನು ದೂರುವುದುಂಟು. ಮೊದಲು ಕಣ್ಣು ಪರೀಕ್ಷಿಸಿಕೊಳ್ಳಿ. ಬಲಗೈಯವರಿಗೆ ಬೆಳಕು ಎಡಭುಜದ ಹಿಂದಿನಿಂದ ಬಂದರೆ ನೆರಳು ಕೆಲಸದ ಮೇಲೆ ಬೀಳದು. ತೊಡೆಯ ಮೇಲೆ ದಿಂಬಿಟ್ಟು ಮುಂಗೈಗಳನ್ನು ಅದರ ಮೇಲೆ ಊರಿ. ಕೆಲಸ ಕಣ್ಣಿನ ಬಳಿಗೆ ಬರಬೇಕು, ಕತ್ತು ಕೆಲಸದ ಬಳಿಗೆ ಹೋಗಬಾರದು. ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ಕಡ್ಡಿ ಕೆಳಗಿಟ್ಟು ಎದುರು ಮನೆಯ ತೆಂಗಿನ ಮರವನ್ನೋ ಬೀದಿಯ ಕೊನೆಯನ್ನೋ ನೋಡಿ. ಹತ್ತಿರದ ಕೆಲಸದಲ್ಲಿ ನಾವು ರೆಪ್ಪೆ ಬಡಿಯುವುದೇ ಕಡಿಮೆಯಾಗಿ ಕಣ್ಣು ಒಣಗುತ್ತದೆ. “ಈ ಸಾಲು ಮುಗಿಸಿ ಏಳುತ್ತೇನೆ” ಎನ್ನುವವರನ್ನು ನಾನು ನಂಬುವುದಿಲ್ಲ, ಗಡಿಯಾರದ ಗಂಟೆ ಇಟ್ಟುಕೊಳ್ಳುವುದೇ ಮೇಲು.

ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ಜೋಮು ಹಿಡಿದು ಎಚ್ಚರವಾಗುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಹೋಗಿರಬಹುದು. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ, ಬಸಿರು ಇವೂ ಇದಕ್ಕೆ ಕಾರಣ. ಬೆರಳು ಮಡಚಿದರೆ ಸಿಕ್ಕಿಕೊಂಡು ಟಕ್ಕೆಂದು ಬಿಚ್ಚಿಕೊಳ್ಳುವುದು ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಎರಡೂ ಕೈಗಳ ಬೆರಳ ಗಿಣ್ಣುಗಳು ಊದಿ, ಬೆಳಗ್ಗೆ ಒಂದು ಗಂಟೆಯಾದರೂ ಬಿಗಿತ ಬಿಡದಿದ್ದರೆ ಅದು ಹೆಣಿಗೆಯ ನೋವಲ್ಲ, ಸಂಧಿವಾತವಿದ್ದೀತು. ಇವಕ್ಕೆಲ್ಲ ವೈದ್ಯರ ಬಳಿ ಹೋಗಬೇಕೇ ಹೊರತು ನರ ಎಳೆಯುವವರ ಬಳಿ ಅಲ್ಲ. ಊದಿದ ಹುರಿಯನ್ನು ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸಿಕೊಂಡು ಇನ್ನಷ್ಟು ಊದಿಸಿಕೊಂಡು ಬರುವವರನ್ನು ನೋಡಿ ಸಾಕಾಗಿದೆ.

ಇಷ್ಟೆಲ್ಲ ಕಷ್ಟವಿದ್ದರೆ ಕಲಿಯುವುದೇಕೆ ಎಂದು ಕೇಳಬಹುದು. 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಸಮೀಕ್ಷೆಯೊಂದರಲ್ಲಿ ಕ್ರೋಷಾ ಹೆಣೆಯುವ ಎಂಟು ಸಾವಿರಕ್ಕೂ ಹೆಚ್ಚು ಮಂದಿ ಉತ್ತರಿಸಿದ್ದರು. ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಇದರಿಂದ ಮನಸ್ಸು ಶಾಂತವಾಗುತ್ತದೆ ಎಂದಿದ್ದರು. ಉತ್ತರಿಸಿದವರೆಲ್ಲ ಮೊದಲೇ ಕ್ರೋಷಾ ಹಿಡಿದವರು, ನೋವಾಗಿ ಬಿಟ್ಟವರನ್ನು ಕೇಳಿದ್ದಲ್ಲ ಎಂಬುದೂ ನೆನಪಿರಲಿ. ಖಿನ್ನತೆಗೆ ಇದು ಔಷಧವಲ್ಲ, ನುಂಗುತ್ತಿರುವ ಮಾತ್ರೆ ನಿಲ್ಲಿಸಬಾರದು. ಆದರೆ ಮಕ್ಕಳು ದೂರ ಹೋದ ಮನೆಯ ಉದ್ದನೆಯ ಮಧ್ಯಾಹ್ನಗಳಿಗೆ, ಎಣಿಕೆಯಲ್ಲಿ ಮುಳುಗಿದ ಕೈ ಒಳ್ಳೆಯ ಜೊತೆ ಎಂದು ನನಗೂ ಅನ್ನಿಸಿದೆ.

ಮಗುವಿಗಾಗಿ ಹೆಣೆಯುವವರು ಒಂದನ್ನು ಮರೆಯಬಾರದು. ಕಾಲುಚೀಲದ ಒಳಗೆ ಸಡಿಲವಾದ ದಾರದ ತುದಿ ಉಳಿದರೆ ಅದು ಶಿಶುವಿನ ಕಾಲ್ಬೆರಳಿಗೆ ಸುತ್ತಿಕೊಂಡು ರಕ್ತಸಂಚಾರ ನಿಲ್ಲಿಸಬಲ್ಲದು. ತುದಿಗಳನ್ನು ಸೂಜಿಯಿಂದ ಒಳಸೇರಿಸಿ, ತೊಡಿಸುವ ಮುನ್ನ ಒಳಗನ್ನು ಹೊರಗೆ ಮಾಡಿ ನೋಡಿ. ಕಾರಣ ತಿಳಿಯದೆ ಮಗು ಅಳುತ್ತಿದ್ದರೆ ಕಾಲುಚೀಲ ಬಿಚ್ಚಿ ನೋಡಿ.

ಆ ಅಜ್ಜಿಗೆ ಹೆಬ್ಬೆರಳನ್ನು ಅಲುಗಿಸದಂತೆ ಹಿಡಿಯುವ ಪಟ್ಟಿ ಕಟ್ಟಿಸಿ ಆರು ವಾರ ಕಡ್ಡಿ ಮುಟ್ಟಬೇಡಿ ಎಂದೆ. ಕೆಲವರಿಗೆ ಚುಚ್ಚುಮದ್ದು, ಅಪರೂಪಕ್ಕೆ ಸಣ್ಣ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ, ಅವರಿಗೆ ಬೇಕಾಗಲಿಲ್ಲ. ಮೊಮ್ಮಗಳು ಹುಟ್ಟಿದಾಗ ನೀರು ಹಾಕಿದ್ದು ಅವರೇ. ಆಮೇಲೆ 5 ಮಿಲಿಮೀಟರಿನ ಕಡ್ಡಿಯಲ್ಲಿ ದಿನಕ್ಕೆ ಕಾಲು ಗಂಟೆ ಹೆಣೆದು ಮೂರನೇ ತಿಂಗಳ ನಾಮಕರಣಕ್ಕೆ ಟೋಪಿ ಮುಗಿಸಿದರಂತೆ. ಅಷ್ಟರಲ್ಲಿ ಕೂಸಿನ ತಲೆ ದೊಡ್ಡದಾಗಿತ್ತು. ಈಗ ಅದನ್ನು ಬಿಚ್ಚಿ, ಅದೇ ಹಳದಿ ಉಲ್ಲನ್ನಿಗೆ ಇನ್ನೊಂದು ಉಂಡೆ ಸೇರಿಸಿ ದೊಡ್ಡ ಟೋಪಿ ಹೆಣೆಯುತ್ತಿದ್ದಾರೆ.