ಹದಿನಾರರ ಹರೆಯಕ್ಕೆ ಯಾವ ದಾರಿ?

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ಬೆಂಗಳೂರಿನ ಬಡಾವಣೆಗಳಲ್ಲಿ ಈ ಹೊತ್ತಿಗೆ ಒಂದೆರಡು ಮನೆಗಳ ಗೇಟು ಸದ್ದು ಮಾಡುತ್ತದೆ. ಚೀಲ ಹೆಗಲಿಗೇರಿಸಿದ ಪಿಯುಸಿ ಹುಡುಗ ಮುಂದೆ. ಸ್ಕೂಟರಿನ ಕೀಲಿ ಹಿಡಿದ ನಿದ್ದೆಗಣ್ಣಿನ ಅಪ್ಪ ಹಿಂದೆ. ಟ್ಯೂಷನ್‌ಗೆ ಬಿಟ್ಟುಬರಬೇಕು, ಸಂಜೆ ಮತ್ತೆ ಕರೆತರಬೇಕು. ‘ನಾನೇ ಗಾಡಿ ತಗೊಂಡು ಹೋಗ್ತೀನಪ್ಪಾ’ ಎಂಬ ಮಾತು ಒಂದಲ್ಲ ಒಂದು ದಿನ ಬಂದೇ ಬರುತ್ತದೆ.

ಕೀಲಿ ಕೊಡುವ ಮುನ್ನ ಅಪ್ಪ ತಿಳಿದಿರಬೇಕಾದ ಸಂಗತಿಯೊಂದಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ, ಅಪ್ರಾಪ್ತರು ವಾಹನ ಓಡಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ವಾಹನದ ನೋಂದಣಿ 12 ತಿಂಗಳು ರದ್ದು. ಓಡಿಸಿದ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ! ಹದಿನಾರಕ್ಕೆ ಲೈಸೆನ್ಸ್ ಸಿಗುವುದು 50 ಸಿಸಿ ಮೀರದ ಗಾಡಿಗೆ ಮಾತ್ರ. ಲೂನಾದಂಥ ಆ ಪುಟ್ಟ ಪೆಟ್ರೋಲ್ ಮೊಪೆಡ್‌ಗಳು ಮರೆಯಾಗಿ ಕಾಲವಾಯಿತು.

ಆದರೆ ಮಕ್ಕಳು ಗಾಡಿ ಕೇಳುವುದು ಬರೀ ಶೋಕಿಗಲ್ಲ. ಮನೆಯವರು ಕೈಹಿಡಿದು ಕರೆದೊಯ್ಯುವ ವಯಸ್ಸು ದಾಟಿದೆ, ಸ್ವಂತ ವಾಹನದ ವಯಸ್ಸು ಬಂದಿಲ್ಲ. ಈ ನಡುವಿನ ನಾಲ್ಕೈದು ವರ್ಷ ನಗರದ ಲೆಕ್ಕಕ್ಕೇ ಸಿಗುವುದಿಲ್ಲ. ವಾಹನಗಳನ್ನಲ್ಲ, ಜನರನ್ನು ಸಾಗಿಸುವುದು ಮುಖ್ಯ ಎಂದು ರಾಷ್ಟ್ರೀಯ ನಗರ ಸಾರಿಗೆ ನೀತಿ 2006ರಲ್ಲೇ ಹೇಳಿತು. ಆದರೂ ಯೋಜನೆ ಹಾಕುವವರ ಕಣ್ಣು ಹೆಚ್ಚಾಗಿ ಕಚೇರಿ ಹೊತ್ತಿನ ದಟ್ಟಣೆಯ ಮೇಲೆ. ಮುಂಜಾನೆಯ ಟ್ಯೂಷನ್, ಸಂಜೆಯ ಆಟದ ಮೈದಾನ, ಗ್ರಂಥಾಲಯ, ಗೆಳೆಯರ ಮನೆ (ಅದೂ ಬೇಕಲ್ಲವೇ?) ಆ ಅಳತೆಗೆ ಬೀಳುವುದು ಕಡಿಮೆ.

ಟಿಕೆಟ್ಟಿನ ಭಾರ ಇಳಿಸಿದರೆ ಅರ್ಧ ಕೆಲಸ ಅಷ್ಟೇ. 2023ರ ಜೂನ್ 11ರಂದು ಶುರುವಾದ ‘ಶಕ್ತಿ’ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆಯಿತು. ದೊಡ್ಡ ಅನುಕೂಲವೇ ಸರಿ. ಆದರೆ ರಾತ್ರಿ ಎಂಟಕ್ಕೆ ಬಸ್ಸಿಳಿದ ಹುಡುಗಿ ದೀಪವಿಲ್ಲದ ಅಡ್ಡರಸ್ತೆಯಲ್ಲಿ, ಕಲ್ಲುಚಪ್ಪಡಿ ಎದ್ದುನಿಂತ ಫುಟ್‌ಪಾತಿನಲ್ಲಿ ಮನೆ ಸೇರಬೇಕಾದರೆ? ಅಮ್ಮ ನಿಲ್ದಾಣಕ್ಕೆ ಬಂದು ಕಾಯುತ್ತಾಳೆ, ಇಲ್ಲವೇ ಸಂಜೆಯ ತರಗತಿಯೇ ಬೇಡ ಎನ್ನುತ್ತಾಳೆ. ಸೈಕಲ್ಲಿನ ಮಾತೂ ಅಷ್ಟೇ. 2006-07ರಲ್ಲಿ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಯೋಜನೆ ಆರಂಭಿಸಿದ ರಾಜ್ಯ ನಮ್ಮದು. ಸೈಕಲ್ಲೇನೋ ಸರಿ, ನಗರದಲ್ಲಿ ಅದನ್ನು ತುಳಿಯುವುದೆಲ್ಲಿ? ಬಸ್ಸು-ಲಾರಿಗಳ ನಡುವೆ ಮಗನನ್ನು ಕಳಿಸಲು ಯಾವ ತಾಯಿಗೂ ಧೈರ್ಯ ಬರದು.

ಲಂಡನ್ನಿನಲ್ಲಿ 2005ರಿಂದ 16ರೊಳಗಿನವರಿಗೆ, ಮರುವರ್ಷದಿಂದ ಓದುತ್ತಿರುವ 16–17ರವರಿಗೂ ಬಸ್ಸು ಉಚಿತವಾಯಿತು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಸಾರಿಗೆ ಸಂಸ್ಥೆಗೆ ಹಣ ಕೊಡಲು ಮುಂದಾದ ಸರ್ಕಾರ ಈ ಸೌಲಭ್ಯಕ್ಕೆ ತಡೆಹಾಕುವ ಷರತ್ತು ಒಡ್ಡಿತು. ವಿರೋಧಿಸಿ ದನಿ ಎತ್ತಿದವರಲ್ಲಿ ಹದಿಹರೆಯದವರೂ ಇದ್ದರು. ಸೌಲಭ್ಯ ಉಳಿಯಿತು.

ನಮ್ಮಲ್ಲೂ ಕರಡು ಯೋಜನೆಗೆ ಸಾರ್ವಜನಿಕರ ಸಲಹೆ ಕೇಳುವುದುಂಟು. ಹತ್ತನೇ ತರಗತಿಯ ಮಕ್ಕಳು ಒಂದು ಭಾನುವಾರ ಮನೆಯಿಂದ ಶಾಲೆಯವರೆಗಿನ ನಕ್ಷೆ ಬರೆದು, ದೀಪವಿಲ್ಲದ ತಿರುವು, ದಾಟಲಾಗದ ರಸ್ತೆ, ಬಸ್ಸು ನಿಲ್ಲದ ನಿಲ್ದಾಣ ಗುರುತಿಸಲಿ. ಮೇಷ್ಟರ ಸಹಿ ಹಾಕಿಸಿ ವಾರ್ಡ್ ಎಂಜಿನಿಯರಿಗೆ ಕೊಟ್ಟು, ಸ್ವೀಕೃತಿ ಪಡೆಯಲು ಮಾತ್ರ ಮರೆಯಬಾರದು.